ಅಂಗೈಗೆ ಒಂದು ಜೋಳದ ಕಾಳಿನಷ್ಟು ದೂರ

ಬಿಸಿ, ಆದರೆ ಸುಡುವ ಬಿಸಿಯಲ್ಲ, ಕರಗಿದ ಮೇಣ ಬೆರಳುಗಳ ಸಂದಿಯಲ್ಲಿ ಇಳಿಯುತ್ತದೆ, ಕೈ ಮೇಲೆತ್ತಿದ ಕೂಡಲೇ ಗಾಳಿ ತಾಗಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಮತ್ತೆ ಅದ್ದು, ಮತ್ತೆ ಎತ್ತು, ಪದರದ ಮೇಲೆ ಪದರ, ಈಗ ಇದು ನನ್ನ ಕೈಯೇ ಅಲ್ಲ, ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಂತ ಬೊಂಬೆಯ ಕೈ — ಮುಷ್ಟಿ ಮಾಡಬ್ಯಾಡ್ರಿ ಭರಮಪ್ಪ, ಹಂಗೇ ಸಡಿಲ ಬಿಡ್ರಿ, ಅನ್ನುತ್ತಾರೆ ಮೇಘಾ ಮೇಡಂ, ದಾವಣಗೆರೆ ಕಡೆಯವರು, ಫಿಸಿಯೋಥೆರಪಿ ಓದಿ ಬಂದು ಈ ಔಷಧಿ ಅಂಗಡಿಯ ಮಹಡಿಯಲ್ಲಿ ಕ್ಲಿನಿಕ್ ಇಟ್ಟವರು, ನನ್ನ ತಂಗಿಗಿಂತ ಚಿಕ್ಕ ವಯಸ್ಸು, ಆದರೂ ಅವರು ಬಿಡ್ರಿ ಅಂದರೆ ಕೈ ತಾನಾಗಿ ಸಡಿಲವಾಗುತ್ತದೆ, ಕೆಳಗೆ ಜಾಲಹಳ್ಳಿ ಕ್ರಾಸಿನಲ್ಲಿ ತುಮಕೂರು ಕಡೆ ಹೊರಟ ಲಾರಿಗಳು ಹಾರ್ನ್ ಹೊಡೆಯುತ್ತಿವೆ, ಕಿಟಕಿಯ ಗಾಜು ಗಡಗಡ ಅನ್ನುತ್ತದೆ, ಎದುರಿಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಹನುಮಯ್ಯ ಕೂತಿದ್ದಾನೆ, ನಮ್ಮ ಕಂಪನಿಯ ಸೂಪರ್‌ವೈಸರ್, ಮೇಣದ ಪಾತ್ರೆಯನ್ನೊಮ್ಮೆ ನನ್ನ ಕೈಯನ್ನೊಮ್ಮೆ ನೋಡುತ್ತ. ಇಂಗೆ ಮೇಣದಾಗೆ ಅದ್ದುದ್ರೆ ಏನಾಯ್ತದಮ್ಮ, ಅಂತ ಕೇಳುತ್ತಾನೆ, ಬಿಗಿದಿರೋ ಕೀಲು ಮೆತ್ತಗಾಗ್ತಾವ್ರೀ, ರಕ್ತ ಓಡಾಡ್ತದೆ, ಆಮೇಲೆ ಬೆರಳು ಬಗ್ಗಿಸಿದ್ರೆ ಮಾತು ಕೇಳ್ತದೆ, ಅನ್ನುತ್ತಾರೆ ಮೇಡಂ, ಹೂಂ ಅನ್ನುತ್ತಾನೆ ಅವನು, ನಂಬಿಕೆಯಿಲ್ಲದ ಹೂಂ, ಈ ಹೂಂ ನನಗೆ ಗೊತ್ತು, ಪೀಸು ಕಡಿಮೆ ಬಂದ ದಿನ ಕರೆಂಟು ಹೋಗಿತ್ತು ಸಾರ್ ಅಂದರೆ ಇದೇ ಹೂಂ. ಇವನು ಬಂದಿರುವುದು ನನ್ನ ಯೋಗಕ್ಷೇಮ ವಿಚಾರಿಸುವುದಕ್ಕಲ್ಲ, ಓನರ್ ಕಳಿಸಿದ್ದಾರೆ, ಮೆಟ್ಟಿಲು ಹತ್ತುವಾಗಲೇ ಹೇಳಿದ, ನೋಡಪ್ಪಾ ಭರಮಪ್ಪ, ನಂದೇನೂ ಇಲ್ಲ, ಕೈ ಹಿಡಿತ ಬಂದಿದ್ರೆ ಸೋಮವಾರದಿಂದ ಮೂರನೇ ಪ್ರೆಸ್ಸು ನಿಂದೇಯ, ಬಂದಿಲ್ದಿದ್ರೆ ಈಗ ನಿನ್ ಜಾಗದಾಗೆ ನಿಂತಿರೋ ಮುತ್ತಣ್ಣನ್ನೇ ಖಾಯಂ ಮಾಡು ಅಂದವ್ರೆ ಓನರ್ರು, ಹೇಳಿ ನನ್ನ ಬೆನ್ನು ತಟ್ಟಿದ, ಕಟುಕ ಕುರಿಯ ಬೆನ್ನು ತಟ್ಟುವುದೂ ಪ್ರೀತಿಯಿಂದಲೇ. ನೋಯ್ತದಾ ಭರಮಪ್ಪ, ಮೇಡಂ ಕೇಳುತ್ತಾರೆ, ಬೆರಳನ್ನು ಮೇಣದ ಮೇಲಿಂದಲೇ ಒಂದಿಷ್ಟು ಒತ್ತಿ, ಇಲ್ರೀ ಮೇಡಂ ಅನ್ನುತ್ತೇನೆ, ಅವರು ಪ್ರಶ್ನೆ ಮುಗಿಸುವ ಮೊದಲೇ ಅಂದುಬಿಟ್ಟಿದ್ದೇನೆ.

ಇಲ್ಲ ಅನ್ನುವುದನ್ನು ನಾನು ಕಲಿತದ್ದು ದಾಸಪ್ಪನನ್ನು ನೋಡಿ, ಅವನು ಹೌದು ಅಂದದ್ದನ್ನು ನೋಡಿ, ನಾನು ಪೀಣ್ಯಕ್ಕೆ ಬಂದ ಹೊಸದರಲ್ಲಿ ತಗಡು ಒತ್ತುವ ಮೂರನೇ ಪ್ರೆಸ್ಸು ದಾಸಪ್ಪನದು, ಅದರ ಸದ್ದು ಕೇಳಿಯೇ ಡೈಯ ಅಚ್ಚು ಸಡಿಲಾಗಿದೆ ಅನ್ನುತ್ತಿದ್ದವನು, ಒಂದು ದಿನ ಕಂಪನಿಗೆ ಬರುವ ಡಾಕ್ಟರು ಅವನ ಭುಜ ಹಿಡಿದು ಏನಪ್ಪಾ ನೋವಿದೆಯಾ ಅಂದರು, ಐತೆ ಸಾರ್, ಕೈ ಮೇಲೆ ಎತ್ತುದ್ರೆ ಜೀವ ಹೋಯ್ತದೆ ಸಾರ್ ಅಂದ, ದೇವರ ಮುಂದೆ ನಿಂತವನ ಹಾಗೆ ನಿಜ ಹೇಳಿದ, ಡಾಕ್ಟರು ತಲೆಯಾಡಿಸಿ ಹೋದರು, ಮರುದಿನ ದಾಸಪ್ಪ ಹಿತ್ತಿಲಿನ ಸ್ಕ್ರ್ಯಾಪ್ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತಗಡಿನ ಚೂರು ಆರಿಸುತ್ತಿದ್ದ, ಆಮೇಲೆ ಗೇಟಿನಲ್ಲಿ ನಿಂತ, ಆಮೇಲೆ ಗೇಟಿನಲ್ಲೂ ಇರಲಿಲ್ಲ, ಎಲ್ಲಿ ಹೋದ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಆಗ ನಾನು ಅವನ ಪ್ರೆಸ್ಸಿನ ಮುಂದೆ ನಿಂತಿದ್ದೆ. ಅವತ್ತಿನಿಂದ ನಮ್ಮ ಶೆಡ್ಡಿನಲ್ಲಿ ನೋವು ಅನ್ನುವುದು ಬೀಡಿಯ ಹಾಗೆ, ಎಲ್ಲರ ಹತ್ತಿರವೂ ಇದೆ, ಯಾರೂ ಹೊರಗೆ ತೆಗೆಯುವುದಿಲ್ಲ, ಡಾಕ್ಟರು ಬಂದ ದಿನ ನಾವೆಲ್ಲ ಸಾಲಾಗಿ ನಿಂತು ಇಲ್ಲ ಸಾರ್, ಇಲ್ಲ ಸಾರ್, ಬೆನ್ನು ಸೆಟೆದುಕೊಂಡಿದ್ದರೂ ಇಲ್ಲ ಸಾರ್, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಸುರಕ್ಷತೆಯೇ ಮೊದಲು ಅಂತ ಬರೆದಿದೆ, ಅದರ ಕೆಳಗೇ ನಿಲ್ಲಿಸುತ್ತಾರೆ. ಮೇಡಂ ಮೇಣ ಬಿಡಿಸುತ್ತಿದ್ದಾರೆ, ಕೈಗವುಸು ಕಳಚಿದ ಹಾಗೆ ಇಡಿಯಾಗಿ ಬರುತ್ತದೆ, ಒಳಗಿನಿಂದ ಕೆಂಪಗೆ ಬೆವೆತ ನನ್ನ ಕೈ, ತೋರುಬೆರಳಿನ ಬುಡದಿಂದ ಅಂಗೈಯವರೆಗೆ ಹೊಲಿಗೆಯ ಗೆರೆ, ಅಲ್ಲೇ ಕೊಯ್ದದ್ದು, ಪ್ರೆಸ್ಸು ಬಿದ್ದು ಜಜ್ಜಿದ್ದಲ್ಲ, ಜಜ್ಜಿದ್ದರೆ ಬೆರಳೇ ಇರುತ್ತಿರಲಿಲ್ಲ ಅಂದರು ಆಸ್ಪತ್ರೆಯಲ್ಲಿ, ಡೈಯಲ್ಲಿ ಸಿಕ್ಕಿಕೊಂಡ ತಗಡನ್ನು ಎಳೆಯಲು ಹೋದೆ, ಹರಿದ ಕೈಗವುಸು, ತಗಡಿನ ಅಂಚು ಜಾರಿತು, ದೀಪಾವಳಿ ಮುಗಿದು ವಾರವೂ ಆಗಿರಲಿಲ್ಲ, ಆಯುಧಪೂಜೆಯಲ್ಲಿ ನಾನೇ ಆ ಯಂತ್ರಕ್ಕೆ ಹಚ್ಚಿದ್ದ ವಿಭೂತಿ ಇನ್ನೂ ಅಳಿಸಿರಲಿಲ್ಲ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಇತ್ತ ಪ್ರೆಸ್ಸಿಗೆ ಮತ್ತೆ ಪೂಜೆ ಮಾಡಿಸಿದರಂತೆ, ರಕ್ತ ನೋಡಿದ ಯಂತ್ರ, ದೃಷ್ಟಿ ತೆಗೆಯದೆ ಹಾಗೇ ಓಡಿಸಬಾರದು ಅಂತ ಬೂದುಗುಂಬಳಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ, ಮುತ್ತಣ್ಣನ ಕೈಲಿ ಮಂಗಳಾರತಿ ಎತ್ತಿಸಿ, ಆಹಾ, ಬೆರಳು ನನ್ನದು, ಆರತಿ ಅದಕ್ಕೆ, ಅವನೇ ಬಂದು ನನ್ನ ಹಾಸಿಗೆಯ ಪಕ್ಕ ಕೂತು ಪ್ರಸಾದದ ಕೊಬ್ಬರಿ ಕೊಟ್ಟ, ನಾನು ತಿಂದೆ.

ಈಗ ಮೇಡಂ ನನ್ನ ಮಣಿಕಟ್ಟನ್ನು ದಿಂಬಿನ ಮೇಲಿಟ್ಟು ತೋರುಬೆರಳನ್ನು ಒಂದೊಂದೇ ಗೆಣ್ಣು ಹಿಡಿದು ಬಗ್ಗಿಸುತ್ತಾರೆ, ಬಗ್ಗಿಸಿ, ಹಿಡಿದು, ಬಿಟ್ಟು, ಮತ್ತೆ ಬಗ್ಗಿಸಿ, ಮೊದಲ ದಿನ ಈ ಬೆರಳು ಒಣಗಿದ ತೊಗರಿಕಟ್ಟಿಗೆ, ಬಗ್ಗು ಅಂದರೆ ಇಡೀ ಕೈ ಬಗ್ಗುತ್ತಿತ್ತು ಹೊರತು ಇದು ಬಗ್ಗುತ್ತಿರಲಿಲ್ಲ, ಅವತ್ತು ಮೇಡಂ ತಮ್ಮದೇ ಕೈ ತೋರಿಸಿ ಹೇಳಿದರು, ನೋಡ್ರಿ ಭರಮಪ್ಪ, ನೀವು ನರ ನರ ಅಂತೀರಲ್ಲ, ಅದು ನರ ಅಲ್ಲ, ಹಗ್ಗ, ಮೊಣಕೈ ಕೆಳಗಿನ ಸ್ನಾಯು ಎಳೀತದೆ, ಈ ಹಗ್ಗ ಬೆರಳನ್ನ ಬಗ್ಗಸ್ತದೆ, ನಿಮ್ಮ ಹಗ್ಗ ತುಂಡಾಗಿತ್ತು, ಡಾಕ್ಟರು ಗಂಟು ಹಾಕ್ಯಾರ, ಆಪರೇಷನ್ನು ಅರ್ಧ ಕೆಲಸ, ಇನ್ನರ್ಧ ನಂದೂ ನಿಮ್ದೂ, ಸುಮ್ನೆ ಬಿಟ್ರೆ ಹಗ್ಗ ಸುತ್ತಲಿನ ಮಾಂಸಕ್ಕೆ ಅಂಟಿ ಬೆರಳು ಕಟ್ಟಿಗಿ ಆಗ್ತದೆ, ಜೋರಾಗಿ ಎಳೆದ್ರೆ ಗಂಟು ಬಿಚ್ಚಿಕೊಳ್ತದೆ, ಎರಡರ ನಡುವೆ ಹೋಗಬೇಕು. ಅತ್ತ ದರಿ ಇತ್ತ ಪುಲಿ, ಅಂದೆ ನಾನು, ಅವರು ನಕ್ಕರು, ಹೌದ್ರೀ, ಅದಕ್ಕೇ ನೋವು ಅಂದ್ರೆ ನನಗೆ ಬೇಕು, ಬೆರಳು ಎಳೆದಂಗಾಗಿ ಬಿಟ್ಟ ಕೂಡ್ಲೇ ಹೋಗೋ ನೋವು ಒಳ್ಳೇದು, ಅದನ್ನ ತಡ್ಕೊಳ್ರಿ, ಹೊಲಿಗೆ ಹತ್ರ ಚುಚ್ಚಿ ಹಂಗೇ ಉಳಿಯೋ ನೋವು ಬ್ಯಾರೆ, ಅದು ಬಂದ್ರೆ ಆ ಕ್ಷಣ ಹೇಳ್ರಿ, ನಿಮ್ಮ ಕೈಯೊಳಗೆ ನಾ ಇಣುಕಿ ನೋಡೋಕಾಗಲ್ಲ, ನೀವು ಹೇಳಿದ್ದೇ ನನಗೆ ಗೊತ್ತಾಗೋದು. ಹೂಂ ಅಂದೆ, ಹೂಂ ಅಂದು ಮನೆಗೆ ಹೋದೆ, ಅವರು ಹೇಳಿದ ವ್ಯಾಯಾಮ ಒಂದನ್ನೂ ತಪ್ಪಿಸಲಿಲ್ಲ, ಅದರಲ್ಲಿ ನನ್ನನ್ನು ಯಾರೂ ಬೈಯುವ ಹಾಗಿಲ್ಲ, ಉಗುರಿಗೆ ಕೊಕ್ಕೆ ಅಂಟಿಸಿ ರಬ್ಬರ್ ಬ್ಯಾಂಡ್ ಕಟ್ಟಿದ ಪಟ್ಟಿ ಹಾಕಿಕೊಂಡು ಬಾಗಲಗುಂಟೆಯ ರೂಮಿನ ಮುಂದೆ ಬಿಸಿಲಿಗೆ ಕೂತು, ಬೆರಳು ನಾನು ಬಿಚ್ಚಬೇಕು, ರಬ್ಬರು ಮಡಿಚಬೇಕು, ಬಿಚ್ಚು, ಬಿಡು, ಬಿಚ್ಚು, ಬಿಡು, ಓಣಿಯ ಹೆಂಗಸರು ನಲ್ಲಿಯ ನೀರಿಗೆ ಬಂದವರು ನಿಂತು ನೋಡುವರು, ಏನಣ್ಣ ವೀಣೆ ಬಾರಿಸ್ತಿದೀರ, ಅಂತ ಒಬ್ಬಳು ಅಂದಳು, ನನ್ನ ಹೆಂಡತಿ ಸವಿತಾ ಒಳಗಿನಿಂದ ಕಿಸಕ್ಕನೆ ನಕ್ಕಳು, ನನಗೆ ಸಿಟ್ಟು ಬಂತು, ಆಮೇಲೆ ನಾನೂ ನಕ್ಕೆ.

ನಗು ಅಲ್ಲಿಗೇ ಮುಗಿಯಿತು, ಊಟಕ್ಕೆ ಕೂತರೆ ನಗು ಎಲ್ಲಿಂದ ಬರಬೇಕು, ಎಡಗೈಯಲ್ಲಿ ರೊಟ್ಟಿ ಮುರಿಯುವುದು ಹೇಗೆ, ಎಡಗೈ ಉಣ್ಣುವುದಕ್ಕೂ ಅಲ್ಲ ದೇವರಿಗೂ ಅಲ್ಲ, ಸವಿತಾ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟಳು, ಹಟ ಮಾಡಬ್ಯಾಡ್ರಿ ಕೂಸಿನಂಗ, ಆ ಅನ್ರಿ, ನಾನು ಆ ಅಂದೆ, ಪ್ರೆಸ್ ಆಪರೇಟರ್ ಭರಮಪ್ಪ, ಊರಿನಿಂದ ಬಂದ ಹುಡುಗರಿಗೆ ಕೆಲಸ ಕೊಡಿಸುವವನು, ಮುತ್ತಣ್ಣನನ್ನು ಕೈ ಹಿಡಿದು ಕರೆತಂದು ಪೆಡಲು ಒತ್ತುವುದು ಕಲಿಸಿದವನು, ಹೆಂಡತಿಯ ಮುಂದೆ ಬಾಯಿ ತೆರೆದು ಕೂತೆ, ಅಂಗಿಯ ಗುಂಡಿಯೂ ಅವಳೇ, ಲುಂಗಿಯ ಗಂಟೂ ಅವಳೇ, ನನಗೆ ಅದು ಬೆರಳು ಕೊಯ್ದದ್ದಕ್ಕಿಂತ ಹೆಚ್ಚು ನೋಯುತ್ತಿತ್ತು, ನೋಯ್ತದೇನ್ರಿ ಅಂತ ಅವಳೂ ಕೇಳುತ್ತಾಳೆ, ಇಲ್ಲ ಅಂತ ಅವಳಿಗೂ ಹೇಳುತ್ತೇನೆ, ಬಾಯಿಗೆ ಅದೊಂದೇ ಮಾತು ರೂಢಿಯಾಗಿದೆ. ಆದರೆ ಬೆರಳು ಬಗ್ಗತೊಡಗಿತು, ಅದು ಸುಳ್ಳಲ್ಲ, ವಾರ ಕಳೆದ ಹಾಗೆ ಬೆರಳ ತುದಿ ಅಂಗೈ ಕಡೆಗೆ ಇಳಿಯುತ್ತ ಬಂತು, ಮೊದಲು ಅಂಗೈಗೂ ತುದಿಗೂ ನಡುವೆ ನಿಂಬೆಹಣ್ಣು ತೂರುವಷ್ಟು ಜಾಗ, ಆಮೇಲೆ ಹುಣಸೆಬೀಜ ತೂರುವಷ್ಟು, ಮೇಡಂ ಪಟ್ಟಿ ಬಿಚ್ಚಿಸಿದರು, ಕಣಕದ ಹಾಗಿನ ಮೆತ್ತಗಿನ ರಬ್ಬರ್ ಉಂಡೆ ಕೊಟ್ಟು ಹಿಚುಕಲು ಹೇಳಿದರು, ಕಳೆದ ವಾರ ನಾನೇ ರೊಟ್ಟಿಯ ಅಂಚು ಮುರಿದೆ, ಬಲಗೈಯಲ್ಲಿ, ಸವಿತಾ ನೋಡಿಯೂ ನೋಡದವಳ ಹಾಗೆ ಒಲೆಯ ಕಡೆ ತಿರುಗಿಕೊಂಡಳು, ಕಣ್ಣು ಒರೆಸಿಕೊಂಡಳೇನೋ, ಹೊಗೆಯಿರಲಿಲ್ಲ, ನಮ್ಮದು ಸೀಮೆಎಣ್ಣೆ ಸ್ಟೋವು. ಈಗ ಅಂಗೈಗೂ ಬೆರಳ ತುದಿಗೂ ನಡುವೆ ಒಂದು ಜೋಳದ ಕಾಳು ಇಡುವಷ್ಟು ದೂರ ಉಳಿದಿದೆ, ಅಷ್ಟೇ, ಇದೊಂದು ಮುಟ್ಟಿದರೆ ಎಲ್ಲ ಮುಟ್ಟಿದಂತೆ, ಸಂಕ್ರಾಂತಿ ಕಳೀಲಿ ಭರಮಪ್ಪ, ಆಮೇಲೆ ಕೈಲಿ ಒತ್ತೋ ಗಟ್ಟಿ ಸ್ಪ್ರಿಂಗ್ ಕೊಡ್ತೀನಿ, ಗಂಟು ಪೂರ್ತಿ ಬಲಿಯೋಕೆ ಅಷ್ಟು ಟೈಮು ಬೇಕು ಅಂತ ಮೇಡಂ ಹೇಳಿದ್ದಾರೆ, ಸಂಕ್ರಾಂತಿಗೆ ಇನ್ನೂ ದಿನಗಳಿವೆ, ಓನರಿಗೆ ಸೋಮವಾರವೇ ಬೇಕು.

ಮತ್ತು ಮೊನ್ನೆಯಿಂದ ಇನ್ನೊಂದಿದೆ, ಯಾರಿಗೂ ಹೇಳಿಲ್ಲ, ಉಂಡೆ ಹಿಚುಕುವಾಗ ಹೊಲಿಗೆಯ ಗೆರೆಯ ಕೆಳಗೆ ಗಾಜಿನ ಚೂರು ಎಳೆದ ಹಾಗೆ ಒಂದು ಚುಚ್ಚು, ಕೈ ಬಿಟ್ಟರೂ ಹೋಗುವುದಿಲ್ಲ, ಮಲಗಿದರೂ ಹೋಗುವುದಿಲ್ಲ, ಇದು ಆ ಬೇರೆ ನೋವು, ಮೇಡಂ ಹೇಳಿದ್ದು ಇದೇ, ನನಗೆ ಗೊತ್ತು, ನಾನೇನು ಕೂಸಲ್ಲ, ಅವರು ನಿನ್ನೆ ಉಂಡೆ ಬದಲಿಸುವಾಗ ನೋಯ್ತದಾ ಅಂದರು, ಇಲ್ಲ ಅಂದೆ, ಇಲ್ಲ ಅಂದದ್ದಕ್ಕೆ ಅದಕ್ಕಿಂತ ಗಟ್ಟಿ ಉಂಡೆ ಕೊಟ್ಟರು, ಅದಕ್ಕೂ ಇಲ್ಲ ಅಂದೆ — ಈಗ ಆ ಹಳದಿ ಉಂಡೆ ಕೈಗೆ ಬಂದಿದೆ, ಹಿಚುಕ್ರಿ, ನಿಧಾನ, ಅನ್ನುತ್ತಾರೆ, ಹಿಚುಕುತ್ತೇನೆ, ಬಂತು, ಗಾಜಿನ ಚೂರು, ಅಂಗೈಯಿಂದ ಮಣಿಕಟ್ಟಿನವರೆಗೆ ಎಳೆಯಿತು, ಮುಖ ಅಲುಗಾಡಲಿಲ್ಲ, ಮುಖ ಪಳಗಿದೆ, ನೋಯ್ತದಾ, ಇಲ್ರೀ, ಹನುಮಯ್ಯ ಕತ್ತು ಚಾಚಿ ನೋಡುತ್ತಿದ್ದಾನೆ, ಇದೇನಮ್ಮ ಮಕ್ಕಳಾಟ, ನಮ್ ಪ್ರೆಸ್ಸಿನ ಲಿವರು ಇಂಗೆ ಹಿಟ್ಟಿನುಂಡೆ ತರ ಇರಾಕಿಲ್ಲ, ಡೈ ಬೋಲ್ಟು ಬಿಗೀಬೇಕು ಇವನು, ಸ್ಪಾನರ್ ಹಿಡೀಬೇಕು, ಮೇಡಂ ತಲೆಯೆತ್ತದೆ, ಅದೂ ಹಿಡೀತಾರ್ರೀ, ಅದಕ್ಕೊಂದು ಕ್ರಮ ಐತಿ ಅನ್ನುತ್ತಾರೆ, ಅನ್ನುತ್ತ ನನ್ನ ಮುಖ ನೋಡುತ್ತಿಲ್ಲ, ಎಲ್ಲಿ ನೋಡುತ್ತಿದ್ದಾರೆ, ಕೆಳಗೆ, ನನ್ನ ಕಾಲು ನೋಡುತ್ತಿದ್ದಾರೆ, ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೇನೆ, ಬರಿಗಾಲು, ಹತ್ತೂ ಬೆರಳು ನೆಲವನ್ನು ಕಚ್ಚಿ ಹಿಡಿದಿವೆ, ನನಗೇ ಗೊತ್ತಿಲ್ಲದೆ, ಮುಖಕ್ಕೆ ಸುಳ್ಳು ಕಲಿಸಿದೆ, ಕಾಲಿಗೆ ಕಲಿಸಲು ಮರೆತೆ, ಮೆಲ್ಲಗೆ ಸಡಿಲ ಬಿಟ್ಟೆ, ಅಷ್ಟರಲ್ಲಿ ಅವರು ನೋಡಿಯಾಗಿತ್ತು. ಉಂಡೆ ತೆಗೆದುಕೊಂಡರು. ಸಾರ್, ನೀವು ಸ್ವಲ್ಪ ಹೊರಗೆ ಕೂಡ್ತೀರಾ, ನಾನು ಇವ್ರನ್ನ ಪೂರ್ತಿ ಪರೀಕ್ಷೆ ಮಾಡ್ಬೇಕು, ಅಂದರು ಹನುಮಯ್ಯನಿಗೆ, ಅವನು ಹೆಲ್ಮೆಟ್ಟನ್ನು ಸ್ಟೂಲಿನ ಮೇಲಿಟ್ಟು, ಜಾಗ ಹೋಗಬಾರದಲ್ಲ, ಪರದೆಯ ಆಚೆ ಬಾಲ್ಕನಿಗೆ ಹೋದ.

ಪರದೆ ಹಸಿರು, ಕೆಳಗೆ ಗೇಣಷ್ಟು ಜಾಗ, ಆ ಜಾಗದಲ್ಲಿ ಹನುಮಯ್ಯನ ಬೂಟು ಕಾಣುತ್ತದೆ, ನಿಂತಲ್ಲೇ ನಿಂತಿದೆ, ಬಾಲ್ಕನಿಯ ಅಂಚಿಗೂ ಹೋಗಿಲ್ಲ, ಮೇಡಂ ದನಿ ತಗ್ಗಿಸುತ್ತಾರೆ, ಭರಮಪ್ಪ, ನನ್ನ ಕಡೆ ನೋಡ್ರಿ, ನೋವು ಐತಿ ಹೌದಲ್ಲ, ನಾನು ಬೂಟು ನೋಡುತ್ತೇನೆ, ಎಷ್ಟು ದಿನದಿಂದ, ಅವರ ಹೆಬ್ಬೆರಳು ಹೊಲಿಗೆಯ ಗೆರೆಯ ಮೇಲೆ ಮೆಲ್ಲಗೆ ನಡೆಯುತ್ತದೆ, ಇಲ್ಲೇನ್ರಿ, ಇಲ್ಲೇನ್ರಿ, ಇಲ್ಲೇನು, ಸರಿಯಾಗಿ ಅಲ್ಲೇ ಬಂದು ನಿಂತಿತು, ಅಲ್ಲೇ, ಅದೇ, ಹೇಳಿಬಿಡು ಭರಮ್ಯಾ, ಹೇಳು, ಒಂದು ಮಾತು, ಇವರು ಕಂಪನಿಗೆ ಬರುವ ಆ ಡಾಕ್ಟರಲ್ಲ, ನಿನ್ನ ಬೆರಳನ್ನು ಕಟ್ಟಿಗೆಯಿಂದ ಬೆರಳು ಮಾಡಿದವರು, ಹೇಳಿದರೆ ಇವರು ಗಟ್ಟಿ ಉಂಡೆ ಎತ್ತಿಟ್ಟು ಮತ್ತೆ ಮೆತ್ತಗಿನದು ಕೊಡುತ್ತಾರೆ, ಗಂಟಿಗೆ ಸಾವಕಾಶ ಸಿಗುತ್ತದೆ, ಬೆರಳು ಉಳಿಯುತ್ತದೆ — ಬೆರಳು ಉಳಿದು ಏನು ಹಿಡಿಯುತ್ತದೆ, ಸ್ಕ್ರ್ಯಾಪಿನ ಬುಟ್ಟಿ, ಸೋಮವಾರ ಬೆಳಗ್ಗೆ ಮುತ್ತಣ್ಣ ಪೆಡಲು ಒತ್ತುತ್ತಾನೆ, ನಾನು ಅವನ ಕಾಲ ಬಳಿ ಬಿದ್ದ ತುಂಡು ಆರಿಸುತ್ತೇನೆ, ಅಣ್ಣ ಸ್ವಲ್ಪ ಬಾಜೂಕ್ ಸರೀರಿ ಅನ್ನುತ್ತಾನೆ, ಅವನು ಒಳ್ಳೆಯವನು, ಪ್ರೀತಿಯಿಂದಲೇ ಅನ್ನುತ್ತಾನೆ, ಅದಕ್ಕೇ ನನಗೆ ತಡೆಯುವುದಿಲ್ಲ, ಮೊನ್ನೆ ನಮ್ಮ ರೂಮಿಗೆ ಬಂದು, ಅಣ್ಣ, ನೀವು ಬರೋತನಕ ನಾ ಬರೇ ಕಾಯಾಕ ನಿಂತೀನಿ ಅಂದ, ಅನ್ನುವಾಗ ಅವನ ಅಂಗಿಯ ಜೇಬಿನಲ್ಲಿ ನನ್ನ ಪ್ರೆಸ್ಸಿನ ಕೀಲಿ ಇತ್ತು, ಗೊಂಚಲಿನ ತುದಿಯಲ್ಲಿ ಹೊಸ ಬಿಲ್ಲೆ ಹಾಕಿಸಿದ್ದ. ಭರಮಪ್ಪ, ಮೇಡಂ ಇನ್ನೂ ಕೇಳುತ್ತಿದ್ದಾರೆ, ನೀವು ಹೌದು ಅಂದ್ರೆ ನಾ ಅವ್ರಿಗೆ ಬ್ಯಾರೇನೇ ಹೇಳ್ತೀನಿ, ಹದಿನೈದು ದಿನ ಜಾಸ್ತಿ ಕೇಳ್ತೀನಿ, ಅಷ್ಟೇ, ಹೆದರ್ಬೇಡ್ರಿ. ಬಾಯಿ ತೆರೆದೆ, ಐತ್ರೀ ಅನ್ನುವ ಮಾತು ನಾಲಗೆಯ ತುದಿಗೆ ಬಂದೇಬಂತು, ಪರದೆಯ ಕೆಳಗೆ ಬೂಟು ಒಂದು ಹೆಜ್ಜೆ ಒಳಗೆ ಬಂತು, ಇಲ್ರೀ ಮೇಡಂ ಅಂದೆ, ಜೋರಾಗಿ, ಬೂಟಿಗೆ ಕೇಳಲಿ ಅಂತ, ಏನೂ ಇಲ್ರೀ, ಮಸ್ತ್ ಅದ. ಮೇಡಂ ನನ್ನ ಕೈ ಬಿಡಲಿಲ್ಲ, ಒಂದು ಕ್ಷಣ ಹಾಗೇ ಹಿಡಿದುಕೊಂಡಿದ್ದರು, ಆಮೇಲೆ ಬಿಟ್ಟರು.

ಇವತ್ತಿಗೆ ಮೆತ್ತಗಿನದ್ರಾಗೇ ಮುಗಿಸೋಣು, ಅಂದು ಅವರು ಎರಡು ನೀಲಿ ಹಿಡಿಕೆ ಒತ್ತಿ ಕೂಡಿಸುವ ಸ್ಪ್ರಿಂಗ್ ಕೊಟ್ಟರು, ಹಗುರವಾದದ್ದು, ಅರ್ಧದವರೆಗೆ ಮಾತ್ರ, ಅಂದರು, ಅಷ್ಟರಲ್ಲಿ ಹನುಮಯ್ಯ ಬಂದು ಸ್ಟೂಲಿನ ಮೇಲೆ ಕೂತಾಗಿತ್ತು, ಒಳಕೋಣೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು, ಬಿಡದೆ ಹೊಡೆದುಕೊಂಡಿತು, ಮೇಡಂ ಎದ್ದರು, ಬಂದೆ, ಅಲ್ಲೀತನಕ ಸುಮ್ನೆ ಕೈ ಮೇಲೆತ್ತಿ ಇಟ್ಕೊಳ್ರಿ, ಹೋದರು, ಹಲೋ, ಹಾಂ, ಜೋರಾಗಿ ಮಾತಾಡ್ರಿ ಕೇಳ್ಸಲ್ಲ, ಅವರ ದನಿ ಗೋಡೆಯ ಆಚೆ. ಹನುಮಯ್ಯ ಟೇಬಲ್ಲಿನಿಂದ ಕಪ್ಪು ಹಿಡಿಕೆಯದು ಎತ್ತಿಕೊಂಡಿದ್ದಾನೆ, ಸಂಕ್ರಾಂತಿ ಕಳೆದ ಮೇಲೆ ಕೊಡುತ್ತೇನೆ ಅಂದಿದ್ದರಲ್ಲ, ಅದು, ತನ್ನ ಕೈಯಲ್ಲೇ ಒಮ್ಮೆ ಒತ್ತಿದ, ಇನ್ನೊಮ್ಮೆ, ಪರವಾಗಿಲ್ವಲ್ಲ ಗಟ್ಟಿ ಐತೆ ಅಂದ, ನಮ್ ಲಿವರ್ರು ಇಂಗೇ ಅಲ್ವಾ, ಏನಂತೀಯಾ ಭರಮಪ್ಪ, ಅಂದು ನನ್ನ ಕಡೆ ಚಾಚಿದ, ಒತ್ತು ಅನ್ನಲಿಲ್ಲ, ಸತ್ಯ ಹೇಳಬೇಕು, ಒತ್ತು ಅಂತ ಅವನು ಅನ್ನಲೇ ಇಲ್ಲ, ಚಾಚಿದ ಅಷ್ಟೇ, ಅವನ ಕಣ್ಣಿನಲ್ಲಿ ದ್ವೇಷವೂ ಇರಲಿಲ್ಲ, ಬೇಗ ಮುಗಿದರೆ ಊಟಕ್ಕೆ ಹೋಗಬಹುದು ಅನ್ನುವವನ ಕಣ್ಣು, ನಾನು ನೀಲಿಯದನ್ನು ದಿಂಬಿನ ಮೇಲಿಟ್ಟೆ, ಕಪ್ಪನ್ನು ತೆಗೆದುಕೊಂಡೆ, ತಣ್ಣಗಿತ್ತು, ಹಿಡಿಕೆಯ ಗೀರುಗಳು ಅಂಗೈಗೆ ಒತ್ತಿದವು, ಹೆಬ್ಬೆರಳು ಕೂತಿತು, ಮೂರು ಬೆರಳು ಕೂತವು, ತೋರುಬೆರಳೂ ಬಂದು ಕೂತಿತು, ಬಾರಪ್ಪಾ, ಒಂದೇ ಸಲ, ಇವನು ಮೆಟ್ಟಿಲು ಇಳಿಯುವವರೆಗೆ ಸಾಕು, ಆಮೇಲೆ ಒಂದು ವಾರ ನಿನ್ನನ್ನು ಮುಟ್ಟುವುದಿಲ್ಲ, ಮೇಡಂ ಹೇಳಿದ ಹಾಗೆ ಕೇಳುತ್ತೇನೆ, ಎಲ್ಲ ಹೇಳುತ್ತೇನೆ, ಒತ್ತಿದೆ, ಗಾಜಿನ ಚೂರು, ಕಾಲು ನೆಲ ಕಚ್ಚಿತು, ಕಚ್ಚಲಿ, ಇನ್ನಷ್ಟು, ಹಿಡಿಕೆ ಹಿಡಿಕೆಯ ಹತ್ತಿರ ಬರುತ್ತಿದೆ, ಹನುಮಯ್ಯ ಹುಬ್ಬು ಏರಿಸಿದ, ಮೆಚ್ಚಿದ, ಕಂಡಿತು, ಭರಮಪ್ಪ ಅದು ಬ್ಯಾಡ, ಬಿಡ್ರಿ, ಮೇಡಂ ಬಾಗಿಲಲ್ಲಿ, ನೋಯ್ತದ ಅದು, ಇಲ್ರೀ ಮೇಡಂ ಇಲ್ಲ, ಇನ್ನು ಕೂದಲೆಳೆ, ಹಲ್ಲು ಕಚ್ಚಿದೆ, ಒತ್ತಿದೆ —

ಸದ್ದು ಕಿವಿಗೆ ಬರಲಿಲ್ಲ, ಮೊಣಕೈಗೆ ಬಂತು, ಒಳಗೆ ಏನೋ ಕಡಿದ ಹಗ್ಗದ ಹಾಗೆ ಮೇಲಕ್ಕೆ ಓಡಿಹೋಯಿತು, ಅಷ್ಟೇ, ಮತ್ತೆ ಸುಮ್ಮನೆ. ಕೈ ಬಿಚ್ಚಿಕೊಂಡಿತು, ಕಪ್ಪು ಹಿಡಿಕೆ ನೆಲಕ್ಕೆ ಬಿದ್ದು ಉರುಳಿತು, ಕೆಳಗೆ ಲಾರಿ ಹಾರ್ನ್ ಹೊಡೆಯುತ್ತಲೇ ಇದೆ, ಮೇಡಂ ಓಡಿಬಂದು ಕೈ ಹಿಡಿದುಕೊಂಡರು, ಅವರ ಕೈ ತಣ್ಣಗಿದೆ, ಮುಷ್ಟಿ ಮಾಡ್ರಿ ಭರಮಪ್ಪ, ಮೆಲ್ಲಕ, ಮುಷ್ಟಿ ಮಾಡ್ರಿ, ಮಾಡುತ್ತೇನೆ, ಕಿರುಬೆರಳು ಮಡಿಚಿತು, ಉಂಗುರದ ಬೆರಳು ಮಡಿಚಿತು, ನಡುಬೆರಳು ಮಡಿಚಿತು, ಇನ್ನೊಂದ್ಸಲ ಮಾಡ್ರಿ ಅನ್ನುತ್ತಾರೆ, ಅವರ ದನಿ ಯಾಕೋ ಸಣ್ಣಗಾಗಿದೆ, ನೋಯ್ತದಾ, ಇಲ್ರೀ, ಖರೇ ಹೇಳ್ರಿ ಈಗಾದ್ರೂ, ಖರೇ ಇಲ್ರೀ ಮೇಡಂ, ಸವಿತಾನ ಆಣೆ, ಗಾಜಿನ ಚೂರೂ ಇಲ್ಲ, ಉರಿಯೂ ಇಲ್ಲ, ಮೊನ್ನೆಯಿಂದ ಇದ್ದದ್ದೆಲ್ಲ ಹೋಗಿದೆ, ಎಷ್ಟು ಹಗುರ, ಇಷ್ಟು ಹಗುರವಾಗಿ ಈ ಕೈ ಎಂದೂ ಇರಲಿಲ್ಲ, ಮೇಡಂ ಯಾಕೆ ಕೂತುಬಿಟ್ಟರು, ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದಾರೆ, ಹನುಮಯ್ಯ ಎದ್ದು ನಿಂತಿದ್ದಾನೆ, ನನ್ನ ಬೆರಳು ಅವನ ಹೊಟ್ಟೆಯ ನೇರಕ್ಕಿದೆ, ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾನೆ, ಬೆರಳು ಈಗ ಗೋಡೆಗೆ ನೆಟ್ಟಿದೆ, ಮಡಿಚು ಅನ್ನುತ್ತೇನೆ, ಮಡಿಚುತ್ತಿದ್ದೇನೆ, ಮೊಣಕೈ ಕೆಳಗೆ ಸ್ನಾಯು ಎಳೆಯುವುದು ಗೊತ್ತಾಗುತ್ತಿದೆ, ಎಳೆಯುತ್ತಿದೆ, ಮೂರು ಬೆರಳು ಅಂಗೈಯೊಳಗೆ, ತೋರುಬೆರಳು ಹೊರಗೆ, ನೆಟ್ಟಗೆ, ಮಡಿಚು, ನೋವಿಲ್ಲ, ಮಡಿಚು, ಮೂರು ಒಳಗೆ, ಒಂದು ನೆಟ್ಟಗೆ, ಮಡಿಚು, ನೆಟ್ಟಗೆ